ಕಲ್ಲಿನಲ್ಲಿ ಉಳಿದ ಹೆಸರುಗಳು

ಬಾಗಲಕೋಟೆಯಿಂದ ದಕ್ಷಿಣಕ್ಕೆ ಹೊರಟ ಪ್ರವಾಸಿಗರು ಬಾದಾಮಿಯಲ್ಲಿಳಿದು ಮೇಣಬಸದಿಯ ಮೆಟ್ಟಿಲುಗಳನ್ನೇರುವುದು ವಾಡಿಕೆ. ಮೂರನೆಯ ಗುಹೆಯು ಮಂಗಲೇಶನು ಕಟ್ಟಿಸಿದ್ದೆಂದು, ಕ್ರಿ.ಶ. 578ರದೆಂದು ಅಲ್ಲಿಯ ಶಾಸನವೇ ಸಾರುತ್ತದೆ. ಕಟ್ಟಿಸಿದವನ ಹೆಸರು ಶಾಸನದಲ್ಲಿರುವುದು ಸಹಜ. ಉಳಿ ಹಿಡಿದವನ ಹೆಸರು? ಅದನ್ನು ಅರಸುತ್ತ ಹೊರಟವರಿಗೆ ಈ ಸೀಮೆಯೇ ಬೇರೆಯಾಗಿ ತೋರುವುದು. ಬಾದಾಮಿಯ ಬಂಡೆಗಳ ಮೇಲೆ ಅಲ್ಲಲ್ಲಿ ಬಿಡಿ ಹೆಸರುಗಳಿವೆ; ಕೋಳಿಮಂಚಿ ಎಂಬುದು ಅವುಗಳಲ್ಲೊಂದು. ಊರಿಲ್ಲ, ತಂದೆಯ ಹೆಸರಿಲ್ಲ, ಬಿರುದಿಲ್ಲ.

ಅಲ್ಲಿಂದ ಸುಮಾರು 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಬಂದರೆ ಬಿರುದುಗಳ ಸುರಿಮಳೆಯೇ ಕಾದಿದೆ. ಕಂಚಿಯನ್ನು ಮೂರು ಬಾರಿ ಗೆದ್ದ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ದೇವಾಲಯ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದೂ ‘ಪೆರ್ಜೆರೆಪು’ ಎಂಬ ಗೌರವವೂ ಸಂದುವೆಂದು ಶಾಸನವಿದೆ. ವಿಕ್ರಮಾದಿತ್ಯನು ಕಂಚಿಯನ್ನು ಹಾಳುಗೆಡವಲಿಲ್ಲ. ಅಲ್ಲಿಯ ರಾಜಸಿಂಹೇಶ್ವರನ ಸಂಪತ್ತನ್ನು ದೇವರಿಗೇ ಮರಳಿಸಿ, ಕನ್ನಡದಲ್ಲಿ ಶಾಸನ ಬರೆಸಿದನು. ಅವನು ಅಲ್ಲಿಂದ ನಿಜವಾಗಿ ತಂದದ್ದು ಒಂದು ಕಟ್ಟಡದ ಕನಸು ಎನ್ನಬೇಕು. ವಿರೂಪಾಕ್ಷದ ಮುಂದೆ ನಿಂತವರಿಗೆ ಕಂಚಿಯ ಕೈಲಾಸನಾಥ ನೆನಪಾಗದಿರದು.

ಅದೇ ದೇವಾಲಯದ ಮತ್ತೊಂದು ಶಾಸನವು ಸರ್ವಸಿದ್ಧಿ ಆಚಾರಿಯನ್ನು ‘ತೆಂಕಣ ದಿಶೆಯ ಸೂತ್ರಧಾರಿ’ ಎನ್ನುತ್ತದೆ. ಅವನು ತೆಂಕಣ ನಾಡಿನಿಂದ ಬಂದವನೆಂದು ಕೆಲವರು ಅರ್ಥ ಮಾಡುತ್ತಾರೆ. ಅದಕ್ಕಿಂತ ಸ್ವಾರಸ್ಯವಾದುದು ಅವನ ಕೌಶಲದ ಪಟ್ಟಿ: ಪುರ, ಮನೆ, ಪ್ರಾಸಾದಗಳ ಜೊತೆಯಲ್ಲೇ ವಾಹನ, ಆಸನ, ಮಂಚ, ರತ್ನಖಚಿತ ಕಿರೀಟ! ಶಿಖರವನ್ನೆತ್ತುವ ಕೈಗೆ ಮಲಗುವ ಮಂಚವೂ ಹೀನವಾದ ಕೆಲಸವಲ್ಲ. ದೊಡ್ಡ ಕಲೆ, ಸಣ್ಣ ಕಸುಬು ಎಂಬ ಭೇದ ಅವನಿಗೆ ತಿಳಿಯದು. ಪಾಪನಾಥ ದೇವಾಲಯದಲ್ಲಿ ರೇವಡಿ ಓವಜ್ಜ, ಬಲದೇವ ಎಂಬ ಹೆಸರುಗಳೂ ಓದಸಿಗುತ್ತವೆ. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಚಿತ್ರ ಬರೆದವನ ಸಹಿ ಎದ್ದು ಕಾಣುತ್ತದೆ. ಹಲಗೆ ಕೆತ್ತಿದವನೂ ಅಚ್ಚೊತ್ತಿದವನೂ ಬಹುಮಟ್ಟಿಗೆ ಮರೆಯಲ್ಲೇ ಉಳಿದರು. ಇಲ್ಲಿ ಕೆತ್ತಿದವನೇ ಮುಂದೆ ನಿಂತಿದ್ದಾನೆ.

ಮುಂದೆ ಹುನಗುಂದ ತಾಲ್ಲೂಕಿನ ಐಹೊಳೆ. ಮೇಗುತಿಯ ಗುಡ್ಡದ ಮೇಲೆ ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸರಿಗಟ್ಟಿಕೊಂಡನು. ಅದೇ ಊರಿನ ಇನ್ನೊಂದು ಶಾಸನದಲ್ಲಿ ನರಸೊಬ್ಬನೆಂಬ ಶಿಲ್ಪಿಗೆ ಜಂಬೂದ್ವೀಪದಲ್ಲೇ ಸಮಾನರಿಲ್ಲವೆಂಬ ಹೊಗಳಿಕೆ. ಕವಿಗೆ ಶಿಲ್ಪಿ ಸೋಲಲಿಲ್ಲ!

ಹುನಗುಂದವನ್ನು ದಾಟಿ ಇಳಕಲ್ಲು ಸೇರುವಾಗ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇಲ್ಲಿಯ ವಿಶೇಷ; ಕೆಂಪು ಸೆರಗಿನ ಮೇಲೆ ಬಿಳಿಯ ‘ತೋಪು ತೆನಿ’ಯ ಹಲ್ಲುಸಾಲು. ಸೀರೆಗೆ ಊರಿನ ಹೆಸರಿದೆ, ನೇಕಾರನ ಹೆಸರಿಲ್ಲ. ಕೊಳ್ಳಲು ಬಂದವರು ಸೆರಗು ಬಿಡಿಸಿ ಬಣ್ಣ ನೋಡುತ್ತಾರೆ, ಬೆಲೆ ವಿಚಾರಿಸುತ್ತಾರೆ. ನೇಯ್ದವರು ಯಾರೆಂದು ಕೇಳುವವರು ವಿರಳ.