ಪೇಟಿ ಮಾಸ್ತರರೂ ಮಿಂಗಸ್ಸೂ

ಸಾಣಾಪುರದ ಕೆರೆ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದಾಗ ಪಕ್ಕದ ಮೇಜಿನ ವಿದೇಶಿ ಹುಡುಗನ ಸ್ಪೀಕರಿನಿಂದ ಸ್ಯಾಕ್ಸೊಫೋನು ಹೊರಟಿತು. 2020ರಲ್ಲಿ ವಿರೂಪಾಪುರಗಡ್ಡಿಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಆ ಕಡೆಯ ಹಾಡುಪಾಡೆಲ್ಲ ನಮ್ಮ ಕಡೆಗೇ ಸರಿದಿದೆ. ಗಿಟಾರು ದಿನಾ ಕೇಳುತ್ತೇವೆ, ಇದು ಅಪರೂಪ. ಯಾರದು ಎಂದೆ. ‘ಮಿಂಗಸ್’ ಎಂದ.

ಚಾರ್ಲ್ಸ್ ಮಿಂಗಸ್ ಊದುವವನಲ್ಲ, ಆಳೆತ್ತರದ ಬೇಸ್ ಮೀಟುವವನು. ಐವತ್ತು ಅರವತ್ತರ ದಶಕದ ಅಮೆರಿಕದ ಜಾಝ್‌ನಲ್ಲಿ ಅವನಿಗಿಂತ ಜನಪ್ರಿಯರು ಬೇಕಾದಷ್ಟಿದ್ದರು. ನನಗೆ ಅವನ ಮೇಲೆ ಮೋಹ ಬಂದದ್ದು ಅವನ ಸಿಟ್ಟಿನಿಂದ. ಕಛೇರಿ ನಡೆದಿರುವಾಗಲೇ ಹಾಡು ನಿಲ್ಲಿಸಿ ಜೊತೆಯವರನ್ನು ಗದರುತ್ತಿದ್ದ. ಕುಡಿಯುತ್ತ ಹರಟುವ ಕೇಳುಗರನ್ನೂ ಬಿಡುತ್ತಿರಲಿಲ್ಲ. ಸ್ವರ ಬರೆದ ಹಾಳೆ ಕೊಡುವ ಬದಲು ಬಾಯಲ್ಲೇ ಹೇಳಿಕೊಡುವುದು ಅವನಿಗಿಷ್ಟ.

ಅಂದರೆ ಥೇಟು ನಮ್ಮ ಪೇಟಿ ಮಾಸ್ತರು. ಜಾತ್ರೆ ನಾಟಕಕ್ಕೆ ಎರಡು ತಿಂಗಳು ಮೊದಲೇ ಬಂದು, ಗುಡಿ ಕಟ್ಟೆಯ ಮೇಲೆ ತಾಲೀಮು ಹಚ್ಚುತ್ತಿದ್ದರು. ಅಕ್ಷರ ಬಾರದವರಿಗೂ ಹಾಡು, ಕಂದ, ಡೈಲಾಗು ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ವರ್ಷ ನಾಟಕದ ರಾತ್ರಿ ಖಳನಾಯಕನ ತಾಳ ತಪ್ಪಿತು. ಪಾರ್ಟು ಹಾಕಿದ್ದವರು ಪಂಚಾಯ್ತಿ ಮೆಂಬರು. ಮಾಸ್ತರು ಕಾಲುಪೇಟಿ ತುಳಿಯುವುದನ್ನು ನಿಲ್ಲಿಸಿದರು. ತಬಲಾದವನು ಕೈ ಎತ್ತಿದ. ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, ಮೈಕಿನಲ್ಲೇ, ‘ಮೊದಲಿಂದ ತೊಗೋಲೇ’ ಎಂದರು. ಎತ್ತಿದ ಗದೆ ಎತ್ತಿದಂತೆಯೇ ಮೆಂಬರು ಮೊದಲಿಂದ ತಗೊಂಡರು. ಎರಡನೇ ಸಲದ್ದಕ್ಕೆ ಒನ್ಸ್ ಮೋರ್ ಬಿತ್ತು.

ಮಿಂಗಸ್‌ನ ಗರಡಿಯಲ್ಲಿ ಊದಿದ ಇಬ್ಬರು ಆಮೇಲೆ ನಮ್ಮವರ ಜೊತೆ ಕೂತದ್ದು ಈ ಕಥೆಯಲ್ಲಿ ನನಗೆ ಪ್ರಿಯವಾದ ಭಾಗ. ಒಬ್ಬ ಜಾನ್ ಹ್ಯಾಂಡಿ, 1959ರ ‘ಮಿಂಗಸ್ ಆ ಅಮ್’ ರೆಕಾರ್ಡಿನಲ್ಲಿದ್ದವನು. ಇನ್ನೊಬ್ಬ ಬಾಸ್ಟನ್ನಿನ ಚಾರ್ಲಿ ಮರಿಯಾನೊ, 1963ರ ಮತ್ತೊಂದು ರೆಕಾರ್ಡಿನವನು. ಹ್ಯಾಂಡಿ 1980ರಲ್ಲಿ ಬೊಂಬಾಯಿಯ ‘ಜಾಝ್ ಯಾತ್ರಾ’ ಉತ್ಸವಕ್ಕೆ ಬಂದಾಗ ಅವನ ಜೊತೆ ನುಡಿಸಿದವರು ಕದ್ರಿ ಗೋಪಾಲನಾಥರು. ಮರಿಯಾನೊ ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ, ಆರ್.ಎ. ರಮಾಮಣಿಯವರ ಹಾಡಿಕೆಯೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ರೆಕಾರ್ಡು ಮಾಡಿದ.

ಇದರಲ್ಲೊಂದು ತಮಾಷೆ ಇದೆ. ಗೋಪಾಲನಾಥರ ತಂದೆ ನಾಗಸ್ವರದವರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಕೇಳಿ ಅದರ ಹಿಂದೆ ಬಿದ್ದರು. ಮರಿಯಾನೊ ಸ್ಯಾಕ್ಸೊಫೋನಿನಲ್ಲಿ ಹೆಸರು ಮಾಡಿ, ನಡುವಯಸ್ಸಿನಲ್ಲಿ ನಾಗಸ್ವರ ಕಲಿಯಲು ದಕ್ಷಿಣ ಭಾರತಕ್ಕೆ ಬಂದ. ಕಷ್ಟ ಯಾರದು ಹೆಚ್ಚು? ನಾಗಸ್ವರದ ತೂತಿನ ಮೇಲೆ ಬೆರಳು ಬರಿದೇ ಕೂರುತ್ತದೆ, ಗಮಕ ಜಾರಿಸಲು ಉಸಿರಿನ ಜೊತೆ ಬೆರಳೂ ಒದಗುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿಯ ಮುಚ್ಚಳ. ಜಾರಿಸಬೇಕಾದದ್ದನ್ನು ತುಟಿ, ಉಸಿರಲ್ಲೇ ಜಾರಿಸಬೇಕು. ಗೋಪಾಲನಾಥರು ವಾದ್ಯವನ್ನೇ ತಮಗೆ ಬೇಕಾದಂತೆ ತಿದ್ದಿಸಿಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. ನನ್ನ ಓಟು ಅವರಿಗೇ. ಬಾಸ್ಟನ್ನಿನವರು ಬೇಜಾರಾದರೆ ಆಗಲಿ.

ಪೇಟಿ ಮಾಸ್ತರು ಈಗ ಗಂಗಾವತಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಇನ್ನೂ ಚುರುಕು. ಹೋದಾಗ ಮೊಬೈಲಿನಲ್ಲಿ ‘ಮಿಂಗಸ್ ಆ ಅಮ್’ನ ಮೊದಲ ಹಾಡು ಹಚ್ಚಿದೆ. ಅದರಲ್ಲಿ ವಾದ್ಯಗಳ ಹಿಂದೆ ಮಿಂಗಸ್ ಕೂಗುವುದು ಕೇಳುತ್ತದೆ. ಮಾಸ್ತರು ತೊಡೆಯ ಮೇಲೆ ತಾಳ ಹಿಡಿದು ಅರ್ಧದವರೆಗೆ ಸುಮ್ಮನಿದ್ದರು.

‘ಹಿಂದ ಒಬ್ಬಾಂವ ಒದರಾಕ ಹತ್ಯಾನಲ್ಲ, ಯಾರಂವ?’

‘ಅವನೇ ಮಾಸ್ತರು, ಮಾಮಾ.’

‘ಹಂಗಾರ ಉಳದಾವ್ರಿಗೆ ತಾಲೀಮು ಕಡಿಮಿ ಬಿದ್ದೈತಿ,’ ಎಂದು, ಸೊಸೆಗೆ ಚಾ ಇಡಲು ಕೂಗಿದರು.