ತೋಟದ ನಲ್ಲಿಯೂ ಬಕೆಟ್ ಲೆಕ್ಕವೂ

ಒಂದು ಬೇಸಗೆ ರಜೆಯಲ್ಲಿ ಕಾಸರಗೋಡು ಕಡೆಯ ನಾವು ಮೂವರು ಅಧ್ಯಾಪಕರು ಕುಮಳಿ ಘಾಟಿ ಇಳಿದು ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಹೋಗಿದ್ದೆವು. ಕಂಬಂ ಸುತ್ತಮುತ್ತ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗ ಕುಟುಂಬಗಳಿವೆ. ಅಲ್ಲಿ ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಶಾಲೆಯ ಓದು ತಮಿಳಿನಲ್ಲಿ, ಅಡುಗೆಮನೆಯ ಮಾತು ಕನ್ನಡದಲ್ಲಿ. ಗಡಿಯಾಚೆ ಕನ್ನಡ ಕಲಿಸುವ ನಮಗೆ ಅದೊಂದು ಖುಷಿ. ಆದರೆ ಇವತ್ತು ಹೇಳಹೊರಟದ್ದು ಭಾಷೆಯ ಕತೆಯಲ್ಲ, ನಲ್ಲಿಯ ಕತೆ!

ನಾವು ಉಳಿದುಕೊಂಡ ಮನೆಯ ಹಿತ್ತಿಲಲ್ಲಿ ಮಲ್ಲಿಗೆ, ಕರಿಬೇವು, ನಾಲ್ಕು ಬಾಳೆ, ಮಕ್ಕಳು ನೆಟ್ಟ ಟೊಮೇಟೊ ಸಸಿಗಳಿದ್ದವು. ತೋಟದ ನಲ್ಲಿ ತಿರುಗಿಸಿದರೆ ನೀರು ನೂಲಿನಂತೆ ಇಳಿಯುತ್ತಿತ್ತು. ಹಾಗಾಗಿ ಮನೆಯ ಅಜ್ಜಿ ಬೆಳಿಗ್ಗೆ, ಸಂಜೆ ಅಡುಗೆಮನೆಯಿಂದ ಕೊಡದಲ್ಲಿ ನೀರು ಹೊರುತ್ತಿದ್ದರು. ಪ್ರೆಶರ್ ಸಾಲದು, ಅರ್ಧ ಎಚ್.ಪಿ. ಮೋಟಾರು ಹಾಕಿ ಎಂದು ಯಾರೋ ಹೇಳಿದ್ದರಂತೆ. ಮಗ ದುಡ್ಡು ಹೊಂದಿಸುತ್ತಿದ್ದರು.

ಮೊದಲು ಅಳೆಯೋಣ ಎಂದೆವು. 15 ಲೀಟರಿನ ಬಕೆಟ್, ಒಂದು ಕೈಗಡಿಯಾರ. ತೋಟದ ನಲ್ಲಿಯಲ್ಲಿ ಬಕೆಟ್ ತುಂಬಲು 6 ನಿಮಿಷ, ಅಂದರೆ ನಿಮಿಷಕ್ಕೆ ಎರಡೂವರೆ ಲೀಟರ್. ಅದೇ ಟ್ಯಾಂಕಿನಿಂದ ಬರುವ ಅಡುಗೆಮನೆಯ ನಲ್ಲಿಯಲ್ಲಿ ಒಂದೂವರೆ ನಿಮಿಷ, ಅಂದರೆ ನಿಮಿಷಕ್ಕೆ 10 ಲೀಟರ್. ಇಲ್ಲೇ ಅರ್ಧ ಉತ್ತರ ಸಿಕ್ಕಿತು.

ಹೇಗೆ ಅಂತೀರಾ? ನೀರಿನ ಒತ್ತಡ ಎತ್ತರದಿಂದ ಬರುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ತೋಟದ ನಲ್ಲಿ ಅಡುಗೆಮನೆಯ ನಲ್ಲಿಗಿಂತ ತಗ್ಗಿನಲ್ಲಿದೆ, ಹಾಗಾಗಿ ಅದಕ್ಕೆ ಸಿಗುವ ಒತ್ತಡ ಹೆಚ್ಚೇ. ಆದರೂ ನೀರು ಕಡಿಮೆ ಎಂದರೆ ನಡುವೆ ಎಲ್ಲೋ ದಾರಿ ಕಟ್ಟಿದೆ. ಮೋಟಾರು ಹಾಕಿದರೆ ಕಟ್ಟಿದ ದಾರಿಯಲ್ಲೇ ನೀರನ್ನು ನೂಕಿದಂತೆ, ಅಷ್ಟೇ. ಕರೆಂಟ್ ಬಿಲ್ಲು ಮಾತ್ರ ಏರುತ್ತದೆ.

ಈ ಕಣಿವೆಯ ಹಸಿರಿಗೂ ಇದೇ ಲೆಕ್ಕ ಕಾರಣ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಹಾದು ಪೂರ್ವಕ್ಕೆ ಇಳಿಯುತ್ತದೆ. ಜಲಾಶಯದಿಂದ ಸುರಂಗಕ್ಕೆ ನೀರನ್ನು ನೂಕುವುದು ಮೋಟಾರಲ್ಲ, ಎತ್ತರ. ಆ ಅಣೆಕಟ್ಟಿನ ಜಗಳ ಇಲ್ಲಿ ಬೇಡ ಬಿಡಿ, ನಮ್ಮದು ಕೇರಳ ಅವರದು ತಮಿಳುನಾಡು!

ಇನ್ನು ಹುಡುಕಾಟ. ತುದಿಯಿಂದ ಹಿಂದಕ್ಕೆ ಹೋಗಬೇಕು. ಮೊದಲು ರಬ್ಬರ್ ಪೈಪು ಕಳಚಿ ಅಳೆದೆವು. ವ್ಯತ್ಯಾಸವಿಲ್ಲ, ಪೈಪು ನಿರಪರಾಧಿ. ಆಮೇಲೆ ಟ್ಯಾಂಕಿನ ಕೆಳಗಿನ ವಾಲ್ವ್ ಮುಚ್ಚಿ, ಸ್ಪ್ಯಾನರಿನಿಂದ ನಲ್ಲಿಯನ್ನೇ ಬಿಚ್ಚಿ, ಪೈಪಿನ ಬಾಯಿಗೆ ಬಕೆಟ್ ಹಿಡಿದು ವಾಲ್ವನ್ನು ತುಸು ತೆರೆದೆವು. ಬಿಳಿ ಹರಳಿನ ಪುಡಿ ಉಗುಳಿ, ನೀರು ರಭಸದಿಂದ ಬಂತು. ಅಂದರೆ ಗೋಡೆಯೊಳಗಿನ ಪೈಪೂ ಸರಿ ಇದೆ. ಕಳ್ಳ ನಲ್ಲಿಯೊಳಗೇ ಇದ್ದಾನೆ!

ಬೋರ್‌ವೆಲ್ಲಿನ ಗಡಸು ನೀರು ಸುಣ್ಣ ಬಿಡುತ್ತದೆ. ನಲ್ಲಿಯ ಬಾಯಿ ಸುಣ್ಣ ಕಟ್ಟಿ ಕಿರಿದಾಗಿತ್ತು, ಒಳಗಿನ ವಾಷರ್ ಸವೆದು ಕಳಚಿ ನೀರಿನ ದಾರಿಗೇ ಅಡ್ಡ ಬಿದ್ದಿತ್ತು. ಹಿತ್ತಾಳೆಯ ಭಾಗಗಳನ್ನು ಅರ್ಧ ಗಂಟೆ ನಿಂಬೆರಸದಲ್ಲಿ ನೆನೆಹಾಕಿದೆವು. ಆಮ್ಲಕ್ಕೆ ಸುಣ್ಣ ನೊರೆಯಾಗಿ ಕರಗುವುದನ್ನು ಮಕ್ಕಳು ಕಣ್ಣರಳಿಸಿ ನೋಡಿದರು. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಹೊಸ ವಾಷರ್ ಹಾಕಿ, ಮರೆಗೆ ಟೆಫ್ಲಾನ್ ಟೇಪ್ ಸುತ್ತಿ ಕೂಡಿಸಿದೆವು. ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿಗೇ ಎಳೆದು ಸುತ್ತಬೇಕು, ಇಲ್ಲವಾದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಮತ್ತೆ ಬಕೆಟ್ ಇಟ್ಟೆವು. 1 ನಿಮಿಷ 40 ಸೆಕೆಂಡು! ನಿಮಿಷಕ್ಕೆ 9 ಲೀಟರ್. ಖರ್ಚಾದದ್ದು ವಾಷರ್, ಟೇಪು, ನಾಲ್ಕು ನಿಂಬೆಹಣ್ಣು. ಅಂದು ಸಂಜೆ ಅಜ್ಜಿ ಕೊಡವನ್ನು ಕವುಚಿಟ್ಟರು.

ನಲ್ಲಿ ಬಿಚ್ಚಿದ ಮೇಲೂ ನೀರು ಸಣ್ಣಗೆ ಬಂದರೆ? ವಾಲ್ವ್ ನೋಡಿ. ಹಳೆ ಗೇಟ್ ವಾಲ್ವಿನಲ್ಲಿ ಹಿಡಿ ತಿರುಗುತ್ತಿದ್ದರೂ ಒಳಗಿನ ತಟ್ಟೆ ಮುರಿದು ಕೆಳಗೇ ಕುಳಿತಿರುವುದುಂಟು. ಪೈಪಿನ ಅಳತೆಯನ್ನೂ ನೋಡಿ. ಮುಕ್ಕಾಲು ಇಂಚಿನ ಬಾಯಿ ಅರ್ಧ ಇಂಚಿನ ಎರಡರಷ್ಟಲ್ಲ, ಎರಡೂಕಾಲು ಪಟ್ಟು. ವೃತ್ತದ ವಿಸ್ತೀರ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಇನ್ನು, ಬೀದಿಯ ಸರಬರಾಜು ಪೈಪಿಗೆ ನೇರ ಮೋಟಾರು ಹಚ್ಚುವುದಂತೂ ಬೇಡವೇ ಬೇಡ. ನಮ್ಮ ತೋಟಕ್ಕೆ ಬರುವುದು ನೆರೆಮನೆಯವರ ಕುಡಿಯುವ ನೀರು.

ನಮ್ಮ ಹೆಚ್ಚಿನ ಶಾಲೆಗಳಲ್ಲೂ ಕೈತೋಟವಿದೆ, ಸೊರಗಿದ ಒಂದು ನಲ್ಲಿಯೂ ಇರುತ್ತದೆ. ಪಿ.ಟಿ.ಎ. ಸಭೆಯಲ್ಲಿ ಮೋಟಾರಿನ ಮಾತು ಎತ್ತುವ ಮೊದಲು ಏಳನೆಯ ತರಗತಿಯ ಮಕ್ಕಳ ಕೈಗೆ ಬಕೆಟ್, ಗಡಿಯಾರ ಕೊಟ್ಟು ನೋಡಿ. ಲೆಕ್ಕ ಅವರೇ ಮಾಡುತ್ತಾರೆ. ಸ್ಪ್ಯಾನರ್ ಮಾತ್ರ ನಿಮ್ಮ ಕೈಯಲ್ಲಿರಲಿ. ಬಿಚ್ಚುವ ಮೊದಲು ವಾಲ್ವ್ ಮುಚ್ಚಲು ಮರೆಯಬೇಡಿ!