ಒಲ್ಲದವರ ಮೊದಲ ದಿನಗಳು

ದೊಡ್ಡ ಅಧಿಕಾರಿಗಳ ಕೊಠಡಿಯ ಗೋಡೆಯಲ್ಲಿ ಒಂದು ಮರದ ಹಲಗೆ ತೂಗುಹಾಕಿರುತ್ತದೆ. ಆ ಹುದ್ದೆಯಲ್ಲಿ ಇದ್ದುಹೋದವರ ಹೆಸರು, ಹೆಸರಿನ ಮುಂದೆ 'ಇಂದ' ಮತ್ತು 'ವರೆಗೆ' ಎಂಬ ಎರಡು ಅಂಕಣ. ಮೇಲಿನ ಹೆಸರುಗಳ ಬಣ್ಣ ಮಾಸಿ, ಅಕ್ಷರದ ಕೊಂಬುಗಳು ಉದುರಿರುತ್ತವೆ. ಕಟ್ಟಕಡೆಯ ಹೆಸರೊಂದೇ ಹೊಸ ಬಣ್ಣದಲ್ಲಿ ಮಿರುಗುತ್ತಿರುತ್ತದೆ. ಅದರ ಎದುರು 'ವರೆಗೆ' ಖಾಲಿ. ಮೈಸೂರಿನಲ್ಲಿ ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ಇದೇ ಊರಿನಲ್ಲಿ ನಿವೃತ್ತನಾದವನು ನಾನು. ಇಂಥ ಹಲಗೆಗಳ ಕೆಳಗೆ ಎಷ್ಟೋ ಮಂದಿ ಚಾರ್ಜ್ ತೆಗೆದುಕೊಂಡದ್ದನ್ನು ಕಂಡಿದ್ದೇನೆ. ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದು, ರಾಹುಕಾಲ ಕಳೆಯುವವರೆಗೆ ಕಾರಿನಲ್ಲೇ ಕೂತಿದ್ದು, ಬಲಗಾಲಿಟ್ಟು ಒಳಗೆ ಬಂದು ಅಧಿಕಾರ ಹಸ್ತಾಂತರದ ಪತ್ರಕ್ಕೆ (ಸಿ.ಟಿ.ಸಿ.) ಸಹಿ ಹಾಕುವವರು. ಹಿಂದೆಯೇ ಮೈಸೂರು ಪೇಟ, ಏಲಕ್ಕಿ ಹಾರ, ದೇವರಾಜ ಮಾರುಕಟ್ಟೆಯ ಹಣ್ಣಿನ ಬುಟ್ಟಿ ಹಿಡಿದವರ ಸಾಲು. ಇವರಲ್ಲಿ ಯಾರು ಓಡಾಡಿ ಹುದ್ದೆ ಸಂಪಾದಿಸಿದರು, ಯಾರು ಬೇಡ ಬೇಡವೆನ್ನುತ್ತಲೇ ಬಂದು ಕೂತರು ಎಂಬುದನ್ನು ಮಾತ್ರ ಹಲಗೆ ಹೇಳುವುದಿಲ್ಲ. ನನಗೆ ಮೊದಲಿನಿಂದಲೂ ಕುತೂಹಲ ಇದ್ದದ್ದು ಈ ಎರಡನೆಯವರ ಮೇಲೆ.

ಹಿಂದೆಗೆಯುವವನನ್ನು ನಮ್ಮ ಜನ ಅಂಜುಬುರುಕ ಎಂದುಕೊಳ್ಳುತ್ತಾರೆ. 'ಬಂದ ಲಕ್ಷ್ಮಿಯನ್ನು ಒದೀತಾನೆ' ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಒಪ್ಪದಿರಲು ಮುಖ್ಯ ಕಾರಣ ಮೈಸೂರಿನ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರ ಮಟ್ಟಿಗೆ ಈ ಕತೆ ದಿವಾನಗಿರಿಗಿಂತ ಮೂರು ವರ್ಷ ಹಿಂದೆ ಆರಂಭವಾಗುತ್ತದೆ. ಬೊಂಬಾಯಿ ಸರ್ಕಾರದಲ್ಲಿ ಒಳ್ಳೆಯ ಹೆಸರಿದ್ದರೂ ಅಲ್ಲಿಯ ಅತ್ಯುನ್ನತ ಸ್ಥಾನ ಭಾರತೀಯನಿಗೆ ದಕ್ಕುವುದಿಲ್ಲವೆಂದು ಅರಿತು 1908ರಲ್ಲಿ ತಾವಾಗಿಯೇ ಕೆಲಸ ಬಿಟ್ಟಿದ್ದರು. ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. ಮೂಸಿ ನದಿಯ ಪ್ರವಾಹದಿಂದ ಆ ನಗರ ಕೊಚ್ಚಿಹೋಗಿತ್ತು. ಅದನ್ನು ಸರಿಪಡಿಸುವ ಕೆಲಸದಲ್ಲಿ ತೊಡಗಿದ್ದಾಗಲೇ ಮೈಸೂರಿನ ದಿವಾನರು ಮುಖ್ಯ ಇಂಜಿನಿಯರ್ ಆಗಿ ಬರುವಿರಾ ಎಂದು ಬರೆದರು. ತನ್ನ ಸೀಮೆ, ತನ್ನ ಅರಸರು. ಪುಣೆಗೆ ಹೋಗಿ ಇಂಜಿನಿಯರಿಂಗ್ ಓದುವುದಕ್ಕೆ ನೆರವು ಕೊಟ್ಟದ್ದೂ ಇದೇ ಮೈಸೂರು ಸರ್ಕಾರ. ಬೇರೆಯವರಾಗಿದ್ದರೆ ಮಾರುತ್ತರದಲ್ಲೇ ಹ್ಞೂ ಎನ್ನುತ್ತಿದ್ದರು. ಇವರು ತಿರುಗಿ ಒಂದು ಪ್ರಶ್ನೆ ಕೇಳಿದರು: ತಾಂತ್ರಿಕ ಶಿಕ್ಷಣಕ್ಕೆ, ಕೈಗಾರಿಕೆಗಳಿಗೆ ಸಂಸ್ಥಾನ ಮನಸ್ಸು ಮಾಡುತ್ತದೆಯೇ? ಆ ಭರವಸೆ ಸಿಕ್ಕ ಮೇಲೆ 1909ರ ನವೆಂಬರಿನಲ್ಲಿ ಬಂದು ಸೇರಿದರು.

ಸಂಬಳವೆಷ್ಟು, ಬಂಗಲೆ ಯಾವುದು ಎಂದು ಕೇಳಬೇಕಾದ ಜಾಗದಲ್ಲಿ ಕೆಲಸವೇನು ಎಂದು ಕೇಳಿದ ಈ ಒಂದು ನಡೆಯಲ್ಲಿ ಅವರ ಮುಂದಿನ ಒಂಬತ್ತು ವರ್ಷವೆಲ್ಲ ಅಡಗಿದೆ ಎಂದು ನನಗೆ ತೋರುತ್ತದೆ. ಕಾವೇರಿಗೆ ಕಟ್ಟಬೇಕೆಂದಿದ್ದ ಕನ್ನಂಬಾಡಿ ಕಟ್ಟೆಯ ವಿಚಾರದಲ್ಲೂ ಹೀಗೇ. ಅಷ್ಟು ಹಣ ಎಲ್ಲಿಂದ ತರುವುದು ಎಂದು ಸರ್ಕಾರದೊಳಗೇ ಅಡ್ಡಿ ಬಂದಾಗ, ಕೆಲಸವೇ ಇಲ್ಲದ ಹುದ್ದೆ ತಮಗೇಕೆ ಎಂಬ ಬೇಸರ ಅವರಿಗೆ ಹತ್ತಿತು. ಕಡೆಗೆ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರೇ ಮುಂದೆ ಬಂದು 1911ರಲ್ಲಿ ಒಪ್ಪಿಗೆ ಕೊಟ್ಟರು. ಬಯಸಿ ಬಂದವನಿಗೆ ಕುರ್ಚಿ ಉಳಿಸಿಕೊಳ್ಳುವ ಚಿಂತೆ. ಒಲ್ಲದೆ ಬಂದವನಿಗೆ ಆ ಚಿಂತೆ ಇಲ್ಲ. ಆದ್ದರಿಂದಲೇ ಅರಸರ ಎದುರು ನಿಂತು ಮನಸ್ಸಿನಲ್ಲಿದ್ದದ್ದನ್ನು ಹೇಳಬಲ್ಲ.

1912ರ ನವೆಂಬರಿನಲ್ಲಿ ಟಿ. ಆನಂದರಾಯರ ನಂತರ ದಿವಾನಗಿರಿ ಇವರ ಪಾಲಿಗೆ ಬಂತು. ಆಗ ಅರಸರಿಗೆ 28, ಇವರಿಗೆ 51. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿ ಬಂದಾಗಿನಿಂದ ದಿವಾನರಾದವರಲ್ಲಿ ಹೆಚ್ಚಿನವರು ಕಂದಾಯ, ಆಡಳಿತಗಳಲ್ಲಿ ಪಳಗಿದವರು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಅವರಂಥ ಘಟಾನುಘಟಿಗಳು ಕೂತ ಜಾಗ ಅದು. ಇಂಜಿನಿಯರ್ ಒಬ್ಬರು ಅಲ್ಲಿ ಕೂರುವುದು ಅಲ್ಲಿಯತನಕ ನಡೆದಿರಲಿಲ್ಲ. ಸೇತುವೆ, ಕಾಲುವೆ, ಅಣೆಕಟ್ಟು ಇಷ್ಟರಲ್ಲೇ ಜೀವ ತೇಯ್ದವರಿಗೆ ಅಳುಕು ಹುಟ್ಟಿದ್ದರೆ ಅದು ಸಹಜ.

ಆಮೇಲೆ ನಡೆದದ್ದನ್ನು ನಮ್ಮ ಸೀಮೆಯ ಮನೆಮನೆಯಲ್ಲೂ ಹೇಳುತ್ತಾರೆ. ಒಪ್ಪಿಕೊಳ್ಳುವ ಮೊದಲು ಅವರು ತಾಯಿಯನ್ನೂ ಬಂಧುಬಳಗವನ್ನೂ ಊಟಕ್ಕೆ ಕರೆದರಂತೆ. ಊಟವಾದ ಮೇಲೆ, 'ನಿಮ್ಮಲ್ಲಿ ಯಾರೂ ನನ್ನ ಹತ್ತಿರ ಶಿಫಾರಸು ಕೇಳಿಕೊಂಡು ಬರಬಾರದು. ಮಾತು ಕೊಟ್ಟರೆ ದಿವಾನನಾಗುತ್ತೇನೆ, ಇಲ್ಲವಾದರೆ ಇಲ್ಲ' ಎಂದರಂತೆ. ಅಲ್ಲಿ ಆಡಿದ ಮಾತು ಅಕ್ಷರಶಃ ಇದೇ ಎಂದು ನಾನು ಹೇಳುವುದಿಲ್ಲ. ಬಾಯಿಂದ ಬಾಯಿಗೆ ಬಂದ ಕತೆ. ಆದರೆ ಈ ಕತೆ ಇಷ್ಟು ಕಾಲ ಯಾಕೆ ಬದುಕಿ ಉಳಿಯಿತು ಎಂದು ಯೋಚಿಸಿದ್ದೇನೆ.

ಬಂಧುಗಳನ್ನು ದೂರ ಇಡುವುದು ಕೇಳುವುದಕ್ಕೆ ಸುಲಭ. ವಿಶ್ವೇಶ್ವರಯ್ಯ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಓದಿದ್ದು ಸೋದರಮಾವ ರಾಮಯ್ಯನವರ ಆಸರೆಯಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿದರು. ನಮ್ಮ ಕಡೆ ಒಬ್ಬ ಹುಡುಗ ಮೇಲೆ ಬಂದನೆಂದರೆ ಅವನ ಹಿಂದೆ ಅನ್ನ ಹಾಕಿದ ಅತ್ತೆ ಇರುತ್ತಾಳೆ, ಫೀಸು ಕಟ್ಟಿದ ಮಾವ ಇರುತ್ತಾನೆ, ಮಲಗಲು ಜಗಲಿ ಬಿಟ್ಟುಕೊಟ್ಟ ದೂರದ ಚಿಕ್ಕಪ್ಪ ಇರುತ್ತಾನೆ. ನಾಳೆ ಅವರ ಮಗನೊಬ್ಬ ಕೆಲಸಕ್ಕಾಗಿ ಬಾಗಿಲಲ್ಲಿ ನಿಂತರೆ ಅದು ದುರಾಸೆಯಲ್ಲ. ಅವರ ಲೆಕ್ಕದಲ್ಲಿ ಅದು ನ್ಯಾಯ. ಆ ನ್ಯಾಯಕ್ಕೆ ಇಲ್ಲವೆನ್ನುವುದು ಲಂಚ ಬೇಡವೆನ್ನುವುದಕ್ಕಿಂತ ನೂರು ಪಾಲು ಕಷ್ಟ. ನಾನು ನೋಡಿದ ಪ್ರಾಮಾಣಿಕ ಅಧಿಕಾರಿಗಳಲ್ಲಿ ಹಣಕ್ಕೆ ಜಗ್ಗದವರು ಹಲವರಿದ್ದರು. ಹಬ್ಬದ ದಿನ ಅಕ್ಕನೋ ಅತ್ತಿಗೆಯೋ ಅಡುಗೆಮನೆಯಲ್ಲಿ ಮೆಲ್ಲಗೆ ಆಡಿದ ಮಾತಿಗೆ ಅವರೂ ಕರಗಿಬಿಡುತ್ತಿದ್ದರು. ಹುದ್ದೆಗೆ ಮೊದಲೇ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿ, ತಾಯಿಯ ಎದುರಿನಲ್ಲೇ ಹೇಳಿಬಿಡುವುದರಲ್ಲಿ ದೊಡ್ಡ ವಿವೇಕವಿದೆ. ಆಮೇಲೆ ಒಬ್ಬೊಬ್ಬರಿಗೇ ಇಲ್ಲವೆಂದು ಮನಸ್ಸು ನೋಯಿಸುವ ಸಂದರ್ಭ ಬರುವುದಿಲ್ಲ. ತಾಯಿಗೂ ವಿನಾಯಿತಿ ಇಲ್ಲವೆಂದ ಮೇಲೆ ಇನ್ನಾರು ಮುನಿಸಿಕೊಳ್ಳುತ್ತಾರೆ?

ಅಂಥ ಮೊದಲ ದಿನವೊಂದನ್ನು ನಾನೂ ಹತ್ತಿರದಿಂದ ಕಂಡೆ. ತರಬೇತಿ ಕೊಡುವ ಕೆಲಸದಲ್ಲಿ ನೆಮ್ಮದಿಯಾಗಿದ್ದ ಒಬ್ಬ ಹೆಣ್ಣುಮಗಳನ್ನು ನಮ್ಮ ಕಚೇರಿಗೆ ಮುಖ್ಯಸ್ಥೆಯಾಗಿ ಹಾಕಿದ್ದರು. ಬೇಡವೆಂದು ಬರೆದುಕೊಂಡಿದ್ದರಂತೆ, ಸರ್ಕಾರ ಕೇಳಲಿಲ್ಲ. ಬಂದವರು ಹಾರಗಳನ್ನು ಮೇಜಿನ ಅಂಚಿಗೆ ಸರಿಸಿ, ಕುರ್ಚಿಯ ಬೆನ್ನಿಗೆ ಹೊದೆಸಿದ್ದ ಬಿಳಿ ಟವೆಲನ್ನು ತಾವೇ ತೆಗೆದು ದಫೇದಾರನ ಕೈಗೆ ಕೊಟ್ಟರು.

"ಇಲ್ಲಿ ತುಂಬ ಹಳೇ ಅರ್ಜಿ ಯಾವುದಿದೆ?" ಎಂದರು.

"ಇವತ್ತು ಮೊದಲ್ನೇ ದಿನ ಮೇಡಂ, ಸ್ವೀಟ್ ತರ್ಸಿದೀವಿ. ಅದೆಲ್ಲ ನಾಳೆ ನೋಡ್ಕೊಂಡ್ರಾಯ್ತು," ಎಂದರು ಶಿರಸ್ತೇದಾರರು.

"ಸ್ವೀಟ್ ಎಲ್ಲರಿಗೂ ಹಂಚಿ. ರೆಕಾರ್ಡ್ ರೂಮಿನ ಬೀಗದ ಕೈ ಕೊಡಿ."

ಕೆಂಪು ಬಟ್ಟೆಯ ಗಂಟುಗಳ ನಡುವೆ, ಒಂದೇ ಬಲ್ಬಿನ ಬೆಳಕಿನಲ್ಲಿ ಅವರು ನಿಂತೇ ಓದಿದರು. ಸಿಕ್ಕಿದ್ದು ಒಬ್ಬ ವಿಧವೆಯ ಪೌತಿ ಖಾತೆಯ ಕಡತ. ಗಂಡ ತೀರಿಹೋದ ಮೇಲೆ ಜಮೀನು ತನ್ನ ಹೆಸರಿಗೆ ಆಗಲಿ ಎಂದು ಕೊಟ್ಟ ಅರ್ಜಿ. ಟಿಪ್ಪಣಿ ಹಾಳೆಯ ತುಂಬ 'ಪರಿಶೀಲಿಸಿ ಮಂಡಿಸಿ', 'ಚರ್ಚಿಸಿ', ಮತ್ತೆ 'ಪರಿಶೀಲಿಸಿ ಮಂಡಿಸಿ'. ಪ್ರತಿ ಸಹಿಯ ಶಾಯಿ ಬೇರೆ, ಮಾತು ಮಾತ್ರ ಅದೇ. ಎಲ್ಲ ದಾಖಲೆಯೂ ಒಳಗೇ ಇತ್ತು. ಆದೇಶ ಬರೆಯುವ ಕೈ ಮಾತ್ರ ಬಂದಿರಲಿಲ್ಲ. ಆ ಸಂಜೆ ಅವರು ಅದನ್ನು ಬರೆದರು. ಅಷ್ಟರಲ್ಲಿ ಅವರ ಮೊಬೈಲು ಮೇಜಿನ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಅಭಿನಂದನೆ ಹೇಳಿದ ನೆಂಟರೊಬ್ಬರು ಮಾತಿನ ಕೊನೆಗೆ ಏನೋ ಕೇಳಿರಬೇಕು. "ಅದೊಂದು ಬೇಡ ಚಿಕ್ಕಮ್ಮ, ಮನೆಗೆ ಬನ್ನಿ, ಊಟ ಮಾಡೋಣ," ಎಂದದ್ದು ನನ್ನ ಕಿವಿಗೆ ಬಿತ್ತು.

ಒಲ್ಲೆನೆಂದವರು ಕೂತ ಮೇಲೆ ಎಂಥ ವೇಗ ತೋರಿಸುತ್ತಾರೆ ಎಂಬುದಕ್ಕೆ ವಿಶ್ವೇಶ್ವರಯ್ಯನವರ ಮೊದಲ ವರ್ಷವನ್ನೇ ನೋಡಬಹುದು. ಸರ್ಕಾರದ ಕಚೇರಿ ಇದ್ದದ್ದು ಬೆಂಗಳೂರಿನ ಅಠಾರ ಕಚೇರಿಯಲ್ಲಿ, ಮಾತು ನಡೆಯುತ್ತಿದ್ದದ್ದು ಮೈಸೂರಿನ ಅರಮನೆಯಲ್ಲಿ. ಎರಡೂ ಊರುಗಳ ನಡುವೆ ಅವರ ಕೆಲಸ ಓಡಿತು. 1913ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯಿದೆ ಬಂತು. ಮೈಸೂರು ಬ್ಯಾಂಕ್ ಬಾಗಿಲು ತೆರೆಯಿತು. 1881ರಲ್ಲಿ ಬ್ರಿಟಿಷರು ಅಧಿಕಾರ ಮರಳಿಸುವಾಗ ಹೊರಿಸಿದ್ದ ಷರತ್ತುಗಳ ಪತ್ರದ ಜಾಗಕ್ಕೆ, ಸಂಸ್ಥಾನದ ಗೌರವ ಉಳಿಯುವಂಥ ಹೊಸ ಒಪ್ಪಂದ 1913ರ ನವೆಂಬರಿನಲ್ಲಿ ಆಯಿತು. ಶಾಸನ ಸಭೆಯಲ್ಲಿ ಆಯವ್ಯಯದ ಮೇಲೆ ಚರ್ಚೆ ಮಾಡುವ ಹಕ್ಕು ಸದಸ್ಯರಿಗೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ. ಕನ್ನಂಬಾಡಿಯಲ್ಲಿ ಕಲ್ಲು ಏರುತ್ತಲೇ ಇತ್ತು.

ಆ ವಿಶ್ವವಿದ್ಯಾನಿಲಯಕ್ಕೇ 1956ರಲ್ಲಿ ಕುವೆಂಪು ಉಪಕುಲಪತಿಯಾದರು. ಅಲ್ಲೇ ಓದಿದವರೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಕವಿಗೆ ಕಡತ ಒಗ್ಗೀತೇ ಎಂದು ಅನುಮಾನಿಸಬಹುದಾಗಿದ್ದ ಕಾಲದಲ್ಲಿ ಅವರು ಕುಕ್ಕರಹಳ್ಳಿ ಕೆರೆಯ ಆಚೆಯ ಬಯಲಿನಲ್ಲಿ ಸ್ನಾತಕೋತ್ತರ ಕೇಂದ್ರ ಕಟ್ಟಿಸಿ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಮೈಸೂರಿನ ಮಣ್ಣಿಗೆ ಇಂಥ ಅಧಿಕಾರಿಗಳು ಹೊಸಬರಲ್ಲ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ವಿಶ್ವೇಶ್ವರಯ್ಯನವರನ್ನು ನಾನು ಪೂಜ್ಯರೆಂದೇ ಭಾವಿಸಿದ್ದೇನೆ. ಆದರೆ ಅವರು ಹುದ್ದೆ ಬಿಟ್ಟ ಕಾರಣವನ್ನು ಹೇಳುವಾಗ ನಾನು ಅರಸರ ಪಕ್ಷ. ಸರ್ಕಾರಿ ಕೆಲಸಗಳು ಒಂದೇ ಜಾತಿಯವರ ಕೈಯಲ್ಲಿ ಇರುವುದನ್ನು ಸರಿಪಡಿಸಬೇಕೆಂದು ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಬೇಕು ಎಂಬುದು ದಿವಾನರ ನಿಲುವು. ಆ ಯೋಗ್ಯತೆ ಗಳಿಸುವ ಶಾಲೆಯ ಹೊಸ್ತಿಲನ್ನೇ ತುಳಿಯಲಾಗದವರು ಸೀಮೆಯ ತುಂಬ ಇದ್ದರು. ಅವರ ಮಕ್ಕಳು ನಮ್ಮ ಕಚೇರಿಗೆ ಬಂದು, ನನ್ನ ಪಕ್ಕದ ಮೇಜಿನಲ್ಲಿ ಕೂತು, ನನಗಿಂತ ಚೆನ್ನಾಗಿ ಕಡತ ನಡೆಸಿದ್ದನ್ನು ಕಣ್ಣಾರೆ ಕಂಡವನು ನಾನು. ಆ ಬಾಗಿಲು ತೆರೆದದ್ದು ನಾಲ್ವಡಿಯವರು. ಮನಸ್ಸು ಕೂಡದಿದ್ದಾಗ ವಿಶ್ವೇಶ್ವರಯ್ಯ ಅಂಟಿಕೊಂಡು ಕೂರಲಿಲ್ಲ. ಆ ವರ್ಷದ ಕೊನೆಗೆ ಬಿಟ್ಟು ಹೊರಟರು. ಇಬ್ಬರೂ ಒಬ್ಬರ ಮೇಲೊಬ್ಬರು ಹಗೆ ಸಾಧಿಸಲಿಲ್ಲ.

1923ರಲ್ಲಿ ಅದೇ ಅರಸರ ಸರ್ಕಾರ ಅವರನ್ನು ಮತ್ತೆ ಕರೆಯಿತು, ಈ ಸಲ ಕಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ. ಅರವತ್ತು ದಾಟಿದ್ದ ಮಾಜಿ ದಿವಾನರು ಹೋದರು, ವರ್ಷಗಟ್ಟಲೆ ದುಡಿದರು, ಕಾರ್ಖಾನೆಯನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಆ ಕೆಲಸಕ್ಕೆ ಸಲ್ಲಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕೊಡಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ಆ ಶಾಲೆ ಆರಂಭವಾದಾಗ ತಮ್ಮ ಹೆಸರಿಡಲು ಒಪ್ಪದೆ, ಆಗಿನ ಅರಸರಾದ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು.